ಸಮಪಾಲಿನ ಪಂಪು

೧೯೮೩ರ ಬೇಸಿಗೆ. ಬೀರೂರು ಬಸ್ ನಿಲ್ದಾಣದಲ್ಲಿ ಕಡೂರಿನ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಕಲ್ಲುಬೆಂಚಿನಲ್ಲಿ ಖಾಕಿ ತೊಟ್ಟ ಇಬ್ಬರು ಗೃಹರಕ್ಷಕರು, ಇಬ್ಬರೂ ಮುಖಪರಿಚಯದವರೇ. ತರೀಕೆರೆಯ ಹಿರಿಯರು ಓಂಕಾರಮೂರ್ತಿ. ಅವರ ಕಾಲ ಬಳಿ ಬೆಂಕಿ ಆರಿಸುವ ಪಂಪಿನ ಪೈಪಿನ ಸುರುಳಿ. ಅಜ್ಜಂಪುರದ ಚೌಡಪ್ಪನ ತೊಡೆಯ ಮೇಲೆ ಅದರ ಹಿತ್ತಾಳೆ ಮೂತಿ.

“ಪಂಪು ಕಡೂರಲ್ಲಿ, ಪೈಪು ನಿಮ್ಮತ್ರ, ಮೂತಿ ನನ್ನತ್ರ. ಇದ್ಯಾವ ಸೀಮೆ ಪಾಲು ಮೂರ್ತಣ್ಣ?”

“ಸರ್ಕಾರ ಕೊಟ್ಟಿದ್ದು ಒಂದೇ ಪಂಪು. ಮೂರೂರಿಗೂ ಸಮಪಾಲು ಅಂತ ಆರ್ಡರ್‌ನಾಗೈತೆ. ಯಾರೋ ಸಾಹೇಬ್ರು ಹಂಗೇ ಬಿಚ್ಚಿ ಹಂಚಿದ್ರು.”

“ನಮ್ಮೂರ ದುರ್ಗಮ್ಮನ ಮನೆ ಹತ್ತಿ ಉರೀವಾಗ ಈ ಮೂತಿ ಹಿಡ್ಕಂಡು ನಿಂತಿದ್ದೆ. ಊರೋರು ಕೊಡದಾಗೆ ನೀರು ಹೊಯ್ದ್ರು. ಮನೆ ಉಳೀಲಿಲ್ಲ. ಬೆಂಕಿಗೂ ಆ ಆರ್ಡರ್ ಓದಿ ಹೇಳ್ಬೇಕಿತ್ತು, ಮೂರು ಪಾಲಾಗಿ ಉರಿ ಅಂತ!”

“ಇವತ್ತು ಕಡೂರಲ್ಲಿ ತಪಾಸಣೆಗೆ ಮೂರನ್ನೂ ಜೋಡಿಸ್ತಾರಲ್ಲ.”

“ಸಂಜೆಗೆ ಬಿಚ್ಚಿ ವಾಪಸ್ ಕಳಿಸ್ತಾರೆ. ನಾನಂತೂ ಬಿಚ್ಚಾಕೆ ಬಿಡಲ್ಲ.”

“ನಿನ್ನ ದಳದಿಂದ ತೆಗೀತಾರೆ ಕಣೋ.”

“ತೆಗೀಲಿ.”

“ಪಂಪು ಯಾವೂರಲ್ಲಿಡಾದು ಮತ್ತೆ?”

“ಯಾವೂರಲ್ಲಾದ್ರೂ ಇರ್ಲಿ, ಒಟ್ಟಿಗಿರ್ಲಿ.”

ಮೂರ್ತಿ ಪೈಪಿನ ತುದಿ ಎತ್ತಿ ಹಿಡಿದರು.

“ತಗಾ, ತಿರುಗ್ಸು.”

ಚೌಡಪ್ಪ ಮೂತಿಯನ್ನು ಅದಕ್ಕೆ ಕೂರಿಸಿ, ಕಿರ್ರನೆ ತಿರುಗಿಸಿ ಬಿಗಿದ.

ಬಸ್ಸು ಬಂತು. ಇಬ್ಬರೂ ಸುರುಳಿಗೆ ಒಂದೊಂದು ಕೈ ಹಾಕಿ ಎತ್ತಿದರು.

“ಇಬ್ರದೂ ಸೇರಿ ಎಷ್ಟು ಲಗೇಜ್ರೀ?” ಎಂದ ಕಂಡಕ್ಟರ್.

“ಒಂದೇ ಕಣಪ್ಪಾ,” ಎಂದರು ಮೂರ್ತಿ, ಮೆಟ್ಟಿಲು ಹತ್ತುತ್ತಾ. “ಇನ್ಮೇಲೆ ಇದು ಎರಡಾಗಲ್ಲ.”