ಐದು ತಿಂಗಳು ಬಾಕಿಯಿತ್ತು

...ಅಲ್ಲ ಹ್ಯೊನ್ಸೊ, ಮೊದಲು ತಿನ್ನು. ಸಾರು ಆರಿಹೋಗ್ತಿದೆ. ಇಂಥ ಹಂದಿ ಸಾರು ಬುಸಾನ್ ಬಿಟ್ಟರೆ ಇನ್ನೆಲ್ಲಿ ಸಿಗುತ್ತೆ? ಸೈನ್ಯದಲ್ಲಿ ಕೊಡ್ತಾರಾ ನಿಂಗೆ? ಒಂಚೂರು ಉಪ್ಪು ಸಿಗಡಿ ಹಾಕ್ಕೋ... ಬೇಡವಾ. ಸರಿ.

ತಲೆ ಬೋಳಿಸಿಕೊಂಡು ಬಾಗಿಲಲ್ಲಿ ನಿಂತಾಗ ಗುರುತೇ ಸಿಗಲಿಲ್ಲ ಕಣೋ. ಯಾಕೆ ನಗ್ತೀಯ? ಓ... ನಗಲಿಲ್ಲ.

ನೋಡು, ಹಡಗು ಕಂಪನಿಯವರು ಮೋಸ ಮಾಡಿದ್ರು. ನಿಂಗೊಬ್ಬನಿಗೇ ಅಲ್ಲ, ನಮ್ಮಿಬ್ಬರಿಗೂ. ಪರವಾನಗಿ ಇರೋ ಅಧಿಕಾರಿ ಮೂರು ವರ್ಷ ಸರಕು ಹಡಗಲ್ಲಿ ದುಡಿದರೆ ಕಡ್ಡಾಯ ಸೈನ್ಯಕ್ಕೆ ಹೋಗೋದು ಬೇಡ ಅಂತ ಸರ್ಕಾರ ಹೇಳ್ತು. ಹೇಳಿ, ನಮ್ಮ ಜುಟ್ಟು ತಗೊಂಡು ಹೋಗಿ ಕಪ್ತಾನನ ಕೈಗೆ ಕೊಡ್ತು. "ಆಗಲ್ಲ ಅಂದ್ರೆ ಇಳಿದು ಹೋಗು, ಬಂದೂಕು ಕಾಯ್ತಿದೆ." ದಿನಾ ಅಂತಿದ್ದ ಆ ಸೊಲ್ ಕಪ್ತಾನ.

ಆವತ್ತು ನೀನು ಮಾಡಿದ್ದೇ ಸರಿ. ಕಲ್ಲಿದ್ದಲು ತುಂಬಿದ ಉಗ್ರಾಣ, ಒಳಗಿನ ಗಾಳಿ ಪರೀಕ್ಷೆ ಮಾಡಿಲ್ಲ, ಮಾಡಿದೆ ಅಂತ ಸಹಿ ಹಾಕು ಅಂದ್ರೆ ಯಾರು ಹಾಕ್ತಾರೆ? ಇಳಿದವರು ಉಸಿರುಕಟ್ಟಿ ಸತ್ತಿದ್ರೆ? ನೀನು ಹಾಕಲ್ಲ ಅಂದೆ. ನೀನು ಪಾಳಿ ಬಿಟ್ಟು ಹೋಗಿ ಮಲಗಿದ್ದೆ ಅಂತ ಕಪ್ತಾನ ಕಾಗದ ಬರೆದು, ಮುಂದಿನ ಬಂದರಲ್ಲಿ ನಿನ್ನ ಇಳಿಸಿಬಿಟ್ಟ. ಆ ಕಾಗದ ನೋಡಿದ ಮೇಲೆ ಬೇರೆ ಯಾವ ಕಂಪನಿ ನಿನ್ನ ತಗೊಳ್ಳುತ್ತೆ? ಒಂಬತ್ತು ತಿಂಗಳ ದುಡಿತ, ನೀರಿಗೆ.

"ಅಣ್ಣ, ನೀನು ಕಂಡಿದ್ದು ಬರೆದುಕೊಡು" ಅಂತ ನನ್ನ ಕೇಳಿದೆ ನೀನು. ನಾನೇನು ಕಂಡಿದ್ದೆ? ನಾನು ಮಲಗಿದ್ದೆ ಅಂದೆನಲ್ಲ ಅವತ್ತೇ... ಹಾಗೆ ನೋಡಬೇಡ. ಸರಿ. ಮಲಗಿರಲಿಲ್ಲ. ಚುಕ್ಕಾಣಿ ಕೋಣೇಲಿ ನೀನು ನಿಂತೇ ಇದ್ದೆ, ನಾನು ಪಕ್ಕದಲ್ಲೇ ಇದ್ದೆ. ನಂಗೆ ಕಾಫಿ ಕೂಡ ಮಾಡಿಕೊಟ್ಟೆ ನೀನು.

ಐದು ತಿಂಗಳು ಬಾಕಿಯಿತ್ತು ಕಣೋ ನಂಗೆ. ಐದೇ. ಮೂವತ್ತೊಂದು ತಿಂಗಳು ಅವನ ಬೈಗುಳ ತಿಂದು ಆಗಿತ್ತು. ಕಡೆಗೆ ನಂಗೇನು ಸಿಕ್ತು? ಬಡ್ತಿ ಕೊಡ್ತೀವಿ ಅಂದವರು, ಮೂರು ವರ್ಷ ತುಂಬಿದ ಮಾರನೇ ವಾರ ನನ್ನನ್ನೂ ಮನೆಗೆ ಕಳಿಸಿದ್ರು...

ಬಡ್ತಿ ಯಾಕೆ ಅಂತೀಯಾ? ಸುಮ್ಮನೆ. ಕೆಲಸ ಚೆನ್ನಾಗಿ ಮಾಡ್ತೀನಿ ಅಂತ.

...ಬಟ್ಟಲು ಯಾಕೆ ದೂರ ಸರಿಸ್ತೀಯ? ಬೇಕಾದ್ರೆ ಬೈಯಿ.

ಕಪ್ತಾನ ಒಬ್ಬನೇ ಬರೆದಿದ್ರೆ ನಡೀತಿರಲಿಲ್ಲ. ಸಾಕ್ಷಿ ಬೇಕಿತ್ತು, ಅಧಿಕಾರಿ ದರ್ಜೆಯವನು ಒಬ್ಬ... ಗೊತ್ತಿತ್ತಾ ನಿಂಗೆ? ಆ ಕಾಗದ ತೋರಿಸಿದ್ರಾ? ಕೆಳಗಿನ ಹೆಸರು ಓದಿಯೂ, ಸಿಕ್ಕ ಮೊದಲ ರಜೇಲಿ, ನಿಮ್ಮಮ್ಮನ ಮನೆಗೂ ಹೋಗದೆ ಇಲ್ಲಿಗೆ ಬಂದು ಕೂತೆಯಾ? ನನ್ನ ಬಾಯಿಂದಲೇ ಬರಲಿ ಅಂತ?

ನಾನೇ ಕಣೋ. ನಾನೇ ಹಾಕಿದ್ದು ಸಹಿ.

ಹ್ಯೊನ್ಸೊ... ಟೋಪಿ ಯಾಕೆ ತಗೋತೀಯ. ಕೂತ್ಕೋ. ಒಂದು ಮಾತಾದ್ರೂ ಆಡಿ ಹೋಗು.