ಅವ್ವನ ಎಡಗೈ

...ನಂಗೇನ್ ಗೊತ್ತು ಸೆಲ್ವಕ್ಕ? ಎಡಗೈ ಯಾಕ್ ಎತ್ತಲ್ಲ ಅಂತ ನನ್ನ ಕೇಳುದ್ರೆ? ಲಕ್ವ ಒಡ್ದಾಗ್ಲೇ ಅವ್ವನ ಬಲಗಡೆ ಪೂರ್ತಿ ಓಯ್ತು, ಮಾತೂ ಓಯ್ತು. ಈ ಎಡಗೈ ಒಂದಿತ್ತು. ಅದ್ರಲ್ಲೇ ಉಣ್ತಿದ್ಲು, ಗಂಟೆ ಅಲ್ಲಾಡ್ಸಿ ನನ್ನ ಕರೀತಿದ್ಲು. ಈಗ ಅದೂ ಬಿದ್ದೋಯ್ತು. ವಯಸ್ಸು ಕಣಕ್ಕ! ನಾನೇನ್ ಮಾಡ್ಲಿ?

ಮೆತ್ತಗೆ ಮಾತಾಡು, ಒಳ್ಗೆ ಮಲ್ಗವ್ಳೆ. ಆಸನೂರಿಂದ ಬಸ್ಸಲ್ಲಿ ನಿಂತ್ಕಂಡೇ ಬಂದಿದ್ದೀಯ, ಕಾಪಿ ಕುಡಿ. ...ಬ್ಯಾಡ್ವಾ? ಬುಡು.

ಸತ್ಯಮಂಗಲದ ಆಸ್ಪತ್ರೆಗಾ? ಇವತ್ತೇ? ದಿಂಬಂ ಗಾಟಿ ತಿರುವಲ್ಲಿ ಅವ್ವನ್ನ ಕುಲುಕುಸ್ಕಂಡು ಓಗದಾ! ಡಾಕ್ಟ್ರು ತಾನೆ ಏನ್ ಕಂಡಾರು... ಇಲ್ಲಪ್ಪ, ಬ್ಯಾಡ ಅಂತ ಅಲ್ಲ. ಈ ವಾರ ಆಗಲ್ಲ ಅಂದೆ, ಅಷ್ಟೆ. ಕೆಲ್ಸ ಅದೆ.

ಯಾಕ್ ನಗ್ತೀಯ? ಈ ತಿಗನಾರೆ ಊರಲ್ಲಿ ಕೂತ್ಕಂಡು ಕಂಪ್ಯೂಟರ್ ಡಬ್ಬ ನೋಡದೂ ಒಂದ್ ಕೆಲ್ಸವಾ ಅಂತಾನಾ? ಕೇಳಿಲ್ಲಿ. ಕಂಪ್ಯೂಟರ್ ಒಳ್ಗೆ ಕರ್ನಲ್ ಅಂತ ಅದೆ. ಎಲ್ಲಾನೂ ನೋಡ್ಕಳದು ಅದೇ, ಮನೆ ಯಜಮಾನ್ತಿ ಅನ್ಕೊ. ತಂತೀಲಿ ಒರಗಿಂದ ಪ್ಯಾಕೆಟ್ ಬತ್ತವೆ, ಚೂರು ಚೂರು ಸುದ್ದಿ. ಒಂದೊಂದ್ ಬಂದಾಗ್ಲೂ ಗಂಟೆ ಒಡೀತದೆ. ಯಜಮಾನ್ತಿ ಕೈಲಿದ್ದದ್ದು ಬುಟ್ಟು ಓಡ್ಬೇಕು. ಒಂದೆರಡಾದ್ರೆ ಸರಿ. ಸಾವಿರ ಬಂದ್ರೆ? ಬಾಗ್ಲಿಗ್ ಓಡದೇ ಆಯ್ತದೆ! ಬಂದದ್ನ ಬಿಚ್ಚಿ ನೋಡಾಕೂ ಪುರುಸೊತ್ತಿಲ್ಲ, ಅಲ್ಲೇ ಬಿಸಾಕದು. ಮಿಸೀನು ಎದ್ದೇ ಇರ್ತದೆ, ಒಂದ್ ಕೆಲ್ಸ ನಡ್ಯಲ್ಲ. ನಂಗ್ ಗೊತ್ತು ಅದ್ರ ಪಾಡು. ಚೆನ್ನಾಗ್ ಗೊತ್ತು!

ನಾನ್ ಬರೀತಿರ ಪ್ರೋಗ್ರಾಮು ಅದ್ಕೆ ಮದ್ದು. ಮೊದಲ್ನೇ ಸದ್ದಿಗೇ ಗಂಟೆ ಬಾಯಿ ಮುಚ್ಚುಬುಡದು. ಆಮೇಲೆ ಯಜಮಾನ್ತಿ ತಾನೇ ಓಗಿ ಒಂದ್ ಬೊಗಸೆ ಎತ್ಕಂಡ್ ಬರದು, ಬೇರೆ ಕೆಲ್ಸ ನೋಡದು, ತಿರ್ಗಾ ಓಗದು. ಬಾಗ್ಲಲ್ಲಿ ಏನೂ ಇಲ್ಲ ಅಂದ್ಮೇಲೆ ಗಂಟೆ ಬಾಯಿ ಬಿಚ್ಚದು. ಬಿಚ್ಚದ್ನ ಮರ್ತ್ರೆ ಮುಗೀತು! ಒರಗೆ ಯಾರ್ ಬಂದು ನಿಂತ್ರೂ ಒಳ್ಗೆ ತಿಳ್ಯಲ್ಲ. ಆ ಸಾಲು ನಾನ್ ಮರ್ತಿಲ್ಲ ಕಣಕ್ಕ, ಅದನ್ನೇ ಮೊದ್ಲು ಬರ್ದೆ.

ಕೊಯಮತ್ತೂರಿಂದ ಮ್ಯಾನೇಜರು ದಿನಾ ಪೋನು, "ಮುಡಿಂಜುದಾ ಕವಿತಾ? ಮುಡಿಂಜುದಾ?" ಮುಗೀತಾ, ಮುಗೀತಾ... ಇಲ್ಲಿ ಅವ್ವ, ಟಣ್ ಟಣ್! ನೀರು. ಟಣ್ ಟಣ್! ನೊಣ ಓಡ್ಸು. ಟಣ್ ಟಣ್! ಏನೂ ಇಲ್ಲ, ಸುಮ್ನೆ ನನ್ನ ಮೊಕ ನೋಡಾಕೆ. ಮೊಕ ನೋಡಾಕ್ ಕರುದ್ರೆ ಬೈಯದೆಂಗಕ್ಕ? ಒರಗೂ ಓಗಂಗಿಲ್ಲ, ಒಳಗೂ ಕೂರಂಗಿಲ್ಲ.

ಈಗ? ಈಗ ನಾನೇ ಸರದಿ ಇಟ್ಕಂಡು ಓಯ್ತೀನಿ. ನೀರ್ ಕುಡುಸ್ತೀನಿ, ಮಗ್ಗುಲು ತಿರುಗುಸ್ತೀನಿ. ಅವ್ವಾನೂ ಸುಮ್ನಾದ್ಲು. ಕರ್ಯದೇ ಬುಟ್ಬುಟ್ಲು...

ಒಳಿಕ್ ಯಾಕ್ ಓದೆ? ಅಕ್ಕಾ? ...ಗಂಟೆ ಯಾಕ್ ತಂದೆ? ಮಡಗು ಅದ್ನ. ಅಲ್ಲಾಡುಸ್ಬ್ಯಾಡ.

ಅಲ್ಲಾಡುಸ್ಬ್ಯಾಡ ಅಂದ್ನಲ್ಲ!

...ಏನಾರ ಅನ್ನಕ್ಕ. ಬೈಯಿ. ಸದ್ದು ಬರ್ನಿಲ್ಲ ಅಂತ ಒಳಿಕ್ ಬೆರಳಾಕ್ಬ್ಯಾಡ.

ಉಲ್ಲು ಅದು. ನಾನೇ ತುರುಕ್ದೆ. ಕಾಡಿಗೆ ದನ ಒಡ್ಕಂಡ್ ಓಗವಾಗ ಪಾರೆಸ್ಟ್ ಗಾರ್ಡಿಗೆ ಕೇಳ್ಬಾರ್ದು ಅಂತ ಅವ್ವ ದನದ ಕೊರಳ ಗಂಟೆ ಒಳಿಕ್ಕೆ ಉಲ್ಲು ತುರುಕ್ತಿರ್ನಿಲ್ವಾ, ಅಂಗೆ. ಒಂದ್ ಮಧ್ಯಾಹ್ನದ ಮಟ್ಟಿಗೆ ಅಂತ. ಕೆಲ್ಸ ಮುಗುದ್ಮೇಲೆ ತಗ್ಯವ ಅಂತ. ಕೆಲ್ಸ ಮುಗೀಲೇ ಇಲ್ಲ.

ಬಾಗ್ಲಲ್ಲಿ ನಿಂತು ನೋಡ್ದೆ ಅಕ್ಕ. ಅಲ್ಲಾಡ್ಸುದ್ಲು. ಕಿವಿ ಅತ್ರ ಇಟ್ಕಂಡು ಅಲ್ಲಾಡ್ಸುದ್ಲು. ಗಂಟೆ ಕೆಟ್ಟದೆ ಅನ್ಕಳ್ನಿಲ್ಲ, ಮಗಳು ಇಂಗ್ ಮಾಡವ್ಳೆ ಅಂತ್ಲೂ ಅನ್ಕಳ್ನಿಲ್ಲ. ತನ್ನ ಕೈನೇ ನೋಡ್ಕಂಡ್ಲು... ಇದೂ ಓಯ್ತು ಅನ್ಕಂಡು ಮಡಗ್ಬುಟ್ಲು. ಆಮೇಲೆ ಎತ್ತೇ ಇಲ್ಲ.

ಆಗ್ಲೇ ತಗೀಬೋದಿತ್ತು. ತಗುದ್ರೆ ಸದ್ದು ಬತ್ತದೆ, ಕೈ ಸತ್ತಿಲ್ಲ ಅಂತ ಅವ್ವಂಗೆ ಗೊತ್ತಾಯ್ತದೆ. ಯಾರ್ ಮಾಡುದ್ರು ಅಂತ್ಲೂ ಗೊತ್ತಾಯ್ತದೆ. ಉಲ್ಲಿನ ಬುದ್ಧಿ ಅವಳದೇ ಅಲ್ವಾ!

ನೀನೇ ತಗುದು ಅವಳ ಕೈಗ್ ಕೊಡಕ್ಕ. ನಾನು ಅಡ್ಗೆಮನೇಲಿರ್ತೀನಿ. ಬಾರುಸ್ಲಿ, ಎಷ್ಟ್ ಸಲ ಬೇಕಾದ್ರೂ ಬಾರುಸ್ಲಿ, ಓಡ್ಬತ್ತೀನಿ...

ಬಾರುಸ್ತಾಳಾ ಅಕ್ಕ? ಎಲ್ಲಾ ಗೊತ್ತಾದ್ಮೇಲೂ... ನನ್ನ ಕರೀತಾಳಾ?