ಉತ್ತರ ಬರುವವರೆಗೆ ತಿರುಗಿಸಬಾರದು

ಹಾಯಿದೋಣಿ ಸಂಘದ ಮಾನ್ಯ ಅಧ್ಯಕ್ಷರೇ, ವೇದಿಕೆಯಲ್ಲಿ ನನಗಿಂತ ಮೆತ್ತನೆಯ ಕುರ್ಚಿಯಲ್ಲಿ ಕುಳಿತಿರುವ ಮುಖ್ಯ ಅತಿಥಿಗಳೇ, ನನ್ನ ಬೀಳ್ಕೊಡುಗೆಯನ್ನು ನನಗೇ ತಿಳಿಯುವ ಮೊದಲು ಏರ್ಪಡಿಸಿದ ಕಾರ್ಯದರ್ಶಿಗಳೇ, ನಮಗೆಲ್ಲ ದೋಣಿ ಕಲಿಸಿದ ಸೀಟಿ ಮೇಡಂ ಅವರೇ, ಈಗಷ್ಟೇ ಭಾಷಣ ಮುಗಿಸಿ ಮುಂದಿನ ಸಾಲಿನಲ್ಲಿ ಕೈಕಟ್ಟಿ ಕುಳಿತಿರುವ ನನ್ನ ಯಜಮಾನರೇ, ಹಾಗೂ ಕಾಫಿ ಬಂತೇ ಎಂದು ಬಾಗಿಲ ಕಡೆಗೇ ನೋಡುತ್ತಿರುವ ಸಭಿಕರೇ, ತಮಗೆಲ್ಲರಿಗೂ ವಂದನೆಗಳು.

ನಾನು ಎರಡು ಮಾತು ಆಡಬೇಕೆಂದು ಕಾರ್ಯಕ್ರಮದಲ್ಲಿದೆ. ಎರಡಕ್ಕಿಂತ ಹೆಚ್ಚಾಗಬಾರದೆಂದು ಮನೆಯ ಬಾಗಿಲಲ್ಲೇ ನಮ್ಮವರು ಎಚ್ಚರಿಸಿದ್ದಾರೆ. "ಥ್ಯಾಂಕ್ಸ್ ಹೇಳಿ ಕೂತ್ಕೊ. ಮಿಕ್ಕಿದ್ದೆಲ್ಲ ನಾನೇ ಹೇಳಿರ್ತೀನಿ" ಎಂದರು. ಹೇಳಿದರು ಕೂಡ. ಮುಕ್ಕಾಲು ಗಂಟೆ ನೀವೆಲ್ಲ ಕೇಳಿದಿರಿ, ಪುಣ್ಯವಂತರು. ಆ ಭಾಷಣದಲ್ಲಿ ಒಂದು ಮಾತು ನನಗೆ ತುಂಬ ಹಿಡಿಸಿತು. "ನಾವಿಬ್ಬರೂ ಕೂತು ಯೋಚಿಸಿ, ಈ ಊರು ಬಿಟ್ಟು ನನ್ನ ಅಣ್ಣನ ಊರಿಗೆ ಹೋಗಿ ನೆಲೆಸಲು ತೀರ್ಮಾನಿಸಿದ್ದೇವೆ." ಆ ಇಬ್ಬರಲ್ಲಿ ಎರಡನೆಯವರು ಯಾರೆಂದು ನಾನು ಕೂತಲ್ಲಿಂದಲೇ ಸಭೆಯಲ್ಲೆಲ್ಲ ಹುಡುಕಿದೆ. ಕಾಣಲಿಲ್ಲ. ಅಣ್ಣನೇ ಇರಬೇಕು.

ಇರಲಿ. ಮೊದಲು ಕೃತಜ್ಞತೆ. ಸಂಘದವರು ನಮಗೆ ಒಂದು ಗೋಡೆ ಗಡಿಯಾರ ಕೊಟ್ಟಿದ್ದೀರಿ. ಎಷ್ಟು ಸೊಗಸಾದ ಉಡುಗೊರೆ! ನಾಲ್ಕು ವರ್ಷ ಎಲ್ಲ ಪಂದ್ಯಗಳಲ್ಲೂ ಎಲ್ಲರೂ ದಡ ಸೇರಿ, ಬಟ್ಟೆ ಬದಲಿಸಿ, ಊಟಕ್ಕೆ ಕೂತ ಮೇಲೆ ದಡ ಮುಟ್ಟುತ್ತಿದ್ದ ಜೋಡಿಗೆ ಗಡಿಯಾರ ಕೊಡುವ ಬುದ್ಧಿ ಯಾರಿಗೆ ಹೊಳೆಯಿತೋ, ಅವರಿಗೆ ಒಂದು ಚಪ್ಪಾಳೆ ಸಲ್ಲಬೇಕು.

ನಾವು ಈ ಸಂಘಕ್ಕೆ ಬಂದದ್ದು ಹೇಗೆ ಎಂದು ಬಹಳ ಜನಕ್ಕೆ ಗೊತ್ತಿಲ್ಲ. ನಮ್ಮವರು ರಸ್ತೆ ಎಂಜಿನಿಯರ್ ಆಗಿದ್ದವರು. ಅವರು ಹಾಕಿಸಿದ ರಸ್ತೆಗಳು ಗೆರೆ ಕೊಯ್ದಂತೆ ನೆಟ್ಟಗಿವೆ. ಗುಡ್ಡ ಅಡ್ಡ ಬಂದರೆ ಗುಡ್ಡದ್ದೇ ತಪ್ಪು. ನಿವೃತ್ತಿಯಾದ ಮೇಲೆ ಒಂದು ಸಂಜೆ ಈ ಕೆರೆಯ ಏರಿಯ ಮೇಲೆ ನಿಂತು, ಹಾಯಿದೋಣಿಗಳು ಅತ್ತ ಸ್ವಲ್ಪ ಇತ್ತ ಸ್ವಲ್ಪ ಓಡಾಡುವುದನ್ನು ನೋಡಿದರು. "ಕುಡಿದಿದಾರಾ ಇವ್ರೆಲ್ಲ? ನೆಟ್ಟಗೆ ಹೋಗೋಕೇನು ಧಾಡಿ?" ಎಂದರು. ಮರುದಿನವೇ ಹೋಗಿ ನಮ್ಮಿಬ್ಬರ ಹೆಸರನ್ನೂ ಕೊಟ್ಟು ಬಂದರು. ನನಗೆ ಈಜು ಬರುತ್ತದೆಯೇ ಎಂದು ಇಲ್ಲಿ ಕೇಳಿದರಂತೆ. ಬರುತ್ತದೆ ಎಂದಿದ್ದರು. ನನಗೆ ಈಜು ಬರುತ್ತದೆಂದು ನನಗೂ ಗೊತ್ತಾದದ್ದು ಆಗಲೇ.

ಗಾಳಿ ಬಂದಾಗ ತೂರಿಕೋ ಎಂದು ಹಿರಿಯರು ಹೇಳಿದ್ದಾರೆ. ಗಾಳಿ ಮುಖಕ್ಕೇ ಬಂದರೆ ಏನು ಮಾಡಬೇಕು? ಹಿರಿಯರು ಸುಮ್ಮನಿದ್ದಾರೆ. ಸೀಟಿ ಮೇಡಂ ಸುಮ್ಮನಿರಲಿಲ್ಲ. ಮೊದಲ ದಿನವೇ ನಮ್ಮನ್ನು ದಡದ ಮೇಲೆ, ನೀರಿಗಿಳಿಸದ ದೋಣಿಯಲ್ಲಿ ಕೂರಿಸಿ ಹೇಳಿದರು: ಗಾಳಿಗೆ ಎದುರಾಗಿ ಯಾವ ಹಾಯಿದೋಣಿಯೂ ನೆಟ್ಟಗೆ ಹೋಗುವುದಿಲ್ಲ. ಓರೆಯಾಗಿ ಒಂದು ಕಡೆ ಹೋಗಬೇಕು, ಮಗ್ಗುಲು ಬದಲಿಸಬೇಕು, ಮತ್ತೆ ಓರೆಯಾಗಿ ಇನ್ನೊಂದು ಕಡೆ ಹೋಗಬೇಕು. ಹೀಗೆ ಅಂಕುಡೊಂಕಾಗಿಯೇ ಊರು ಸೇರಬೇಕು. ಈ ಮಗ್ಗುಲು ಬದಲಿಸುವುದಕ್ಕೆ ಇಲ್ಲಿ ಟ್ಯಾಕ್ ಎನ್ನುತ್ತಾರೆ. ನಮ್ಮವರ ಮುಖ ನೋಡಬೇಕಿತ್ತು. ಜೀವಮಾನದ ಸರಳರೇಖೆಗೆ ಯಾರೋ ಕಲ್ಲು ಹೊಡೆದಂತಿತ್ತು.

ಮುಖ್ಯ ಅತಿಥಿಗಳು ದೋಣಿ ಹತ್ತಿದವರಲ್ಲ, ಅವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ದೋಣಿಯಲ್ಲಿ ಇಬ್ಬರು. ಹಿಂದೆ ಕೂತವರ ಕೈಯಲ್ಲಿ ಚುಕ್ಕಾಣಿ ಮತ್ತು ದೊಡ್ಡ ಹಾಯಿಯ ಹಗ್ಗ. ಮುಂದೆ ಕೂತವರ ಕೈಯಲ್ಲಿ ಚಿಕ್ಕ ಹಾಯಿಯ ಹಗ್ಗ. ಇಬ್ಬರೂ ಗಾಳಿ ಬರುವ ಬದಿಯ ಅಂಚಿನ ಮೇಲೆ ಕೂರಬೇಕು. ತಿರುಗುವಾಗ ಇಬ್ಬರೂ ಒಟ್ಟಿಗೆ ತಲೆ ತಗ್ಗಿಸಿ, ಹಾಯಿಯ ಬುಡದ ಅಡ್ಡಗಳುವಿನ ಕೆಳಗೆ ನುಸುಳಿ, ಆ ಬದಿಗೆ ಹೋಗಬೇಕು. ಎದ್ದು ನಿಲ್ಲುವ ಹಾಗಿಲ್ಲ. ಆ ಗಳುವಿಗೆ ಬೂಮ್ ಎಂದು ಹೆಸರು. ತಲೆಗೆ ಬಡಿದಾಗ ಅದು ತನ್ನ ಹೆಸರನ್ನು ತಾನೇ ಹೇಳಿಕೊಳ್ಳುತ್ತದೆ. ನಮ್ಮವರಿಗೆ ಅದರ ಪರಿಚಯ ಚೆನ್ನಾಗಿದೆ, ಏಕೆಂದರೆ ತಲೆ ತಗ್ಗಿಸುವುದು ಅವರ ಸ್ವಭಾವದಲ್ಲೇ ಇಲ್ಲ.

ಇನ್ನೊಂದು ಪದ್ಧತಿ ಇದೆ. ಸೀಟಿ ಮೇಡಂ ಅದನ್ನು ನಮ್ಮ ಕಿವಿಯಲ್ಲಿ ಗೂಟ ಹೊಡೆದಂತೆ ಕೂರಿಸಿದ್ದಾರೆ. ಚುಕ್ಕಾಣಿ ಹಿಡಿದವರು ಮೊದಲು "ಸಿದ್ಧನಾ?" ಎಂದು ಕೇಳಬೇಕು. ಮುಂದಿನವರು ಹಗ್ಗ ಬಿಡಿಸಿ, ಕಾಲು ಸರಿಮಾಡಿಕೊಂಡು "ಸಿದ್ಧ" ಎನ್ನಬೇಕು. "ಇನ್ನೂ ಇಲ್ಲ" ಎಂದರೆ ದೋಣಿ ತಿರುಗಿಸುವ ಹಾಗಿಲ್ಲ. ಬಂದ ದಾರಿಯಲ್ಲೇ ಹೋಗುತ್ತಿರಬೇಕು. ಉತ್ತರ ಬರುವವರೆಗೆ ತಿರುಗಿಸಬಾರದು. ಅಷ್ಟೇ ನಿಯಮ.

ನಮ್ಮವರು ಪ್ರಶ್ನೆ ಕೇಳಲಿಲ್ಲವೇ? ಕೇಳಿದರು, ಸುಳ್ಳು ಹೇಳಬಾರದು. "ಸಿದ್ಧನಾ" ಎನ್ನುತ್ತಲೇ ಚುಕ್ಕಾಣಿ ತಳ್ಳಿದರು. ನಾನು ಇನ್ನೂ ಹಗ್ಗ ಬಿಡಿಸುತ್ತಿದ್ದೆ. ದೋಣಿ ತಿರುಗಿತು, ಅವರು ಆ ಬದಿಗೆ ಹಾರಿದರು, ನಾನು ಈ ಬದಿಯಲ್ಲೇ ಉಳಿದೆ, ಬಿಡಿಸದ ಚಿಕ್ಕ ಹಾಯಿ ಗಾಳಿ ತುಂಬಿಕೊಂಡು ಒತ್ತಿತು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಯಾರು ಎತ್ತು, ಯಾರು ಕೋಣ ಎಂಬುದನ್ನು ಸಭೆಯ ವಿವೇಚನೆಗೆ ಬಿಡುತ್ತೇನೆ. ದೋಣಿ ಮಗುಚಿ ಇಬ್ಬರೂ ಕೆರೆಯಲ್ಲಿದ್ದೆವು. ಕಿತ್ತಳೆ ಬಣ್ಣದ ಜಾಕೆಟ್ಟು ನನ್ನನ್ನು ತೇಲಿಸಿತು. ನಮ್ಮವರು ನೀರಿನಿಂದ ತಲೆ ಎತ್ತಿ, ಟೋಪಿ ಸರಿಮಾಡಿಕೊಂಡು, "ಗಾಳಿ ತಪ್ಪು ಕಡೆಯಿಂದ ಬಂತು" ಎಂದರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಆಗುವುದಾದರೂ ಹೇಗೆ, ಅಲ್ಲಿ ಇದ್ದದ್ದು ಬರೀ ನೀರು.

ಮೊದಲ ಮಳೆಗಾಲದವರೆಗೂ ಇದೇ ನಡೆಯಿತು. ಅವರ "ಸಿದ್ಧನಾ", ನನ್ನ ಮುಳುಗು, ಸೀಟಿ ಮೇಡಂ ಅವರ ಸೀಟಿ. ದಡದಲ್ಲಿದ್ದ ನೀವೆಲ್ಲ ನಕ್ಕಿರಿ. ನನಗೇಕೋ ಅಷ್ಟು ಹೊಸದೆನಿಸಲಿಲ್ಲ. ಅದು ಮೊದಲಿಂದ ಅಭ್ಯಾಸವಾಗಿದ್ದ ಮುಳುಗು.

ನಾನು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದವಳು. "ಉಸಿರು ಹಿಡ್ಕೊಳ್ಳಿ, ಅಲ್ಲಾಡಬೇಡಿ, ಆಯ್ತಾ?" ಎಂದು ಕೇಳಿ, ಮಲಗಿದವರು ಕಣ್ಣಲ್ಲಾದರೂ ಹೂಂ ಅನ್ನುವವರೆಗೆ ಗುಂಡಿ ಒತ್ತುತ್ತಿರಲಿಲ್ಲ. ಒಂದು ದೊಡ್ಡ ಆಸ್ಪತ್ರೆಯಲ್ಲಿ ಆ ವಿಭಾಗಕ್ಕೇ ನನ್ನನ್ನು ಮುಖ್ಯಸ್ಥೆ ಮಾಡುತ್ತೇವೆಂದು ಹೇಳಿದ ದಿನ, ಸಿಹಿ ಕಟ್ಟಿಸಿಕೊಂಡು ಮನೆಗೆ ಬಂದೆ. ಬಾಗಿಲಲ್ಲಿ ಲಾರಿ ನಿಂತಿತ್ತು. ನಮ್ಮ ಮಂಚ ಅದರ ಮೇಲಿತ್ತು. "ವರ್ಗ ಆಯ್ತು. ನಾನೇ ಕೇಳ್ಕೊಂಡಿದ್ದೆ, ಒಳ್ಳೆ ಜಾಗ. ಹೇಳೋಣ ಅಂತಿದ್ದೆ" ಎಂದರು. ಸಿಹಿಯನ್ನು ಲಾರಿಯ ಹಮಾಲರಿಗೆ ಕೊಟ್ಟೆ. ಹೊಸ ಊರಿನಲ್ಲಿ ಒಂದು ಸಣ್ಣ ದವಾಖಾನೆಯ ಕತ್ತಲೆ ಕೋಣೆಯಲ್ಲಿ, ನನಗಿಂತ ಎಷ್ಟೋ ಚಿಕ್ಕವನೊಬ್ಬನ ಕೈಕೆಳಗೆ, ಮೊದಲಿಂದ ಶುರುಮಾಡಿದೆ. ಯಾರೂ "ಸಿದ್ಧನಾ" ಎಂದು ಕೇಳಿರಲಿಲ್ಲ. ಕೇಳಿದ್ದರೆ ಹೂಂ ಎನ್ನುತ್ತಿದ್ದೆನೋ ಏನೋ, ಅದೂ ಈಗ ಗೊತ್ತಾಗುವ ಹಾಗಿಲ್ಲ.

ಕ್ಷಮಿಸಿ. ಇದು ದೋಣಿಯ ವಿಷಯವಲ್ಲ. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಅದೂ ನಮಗೆ ಕೊಟ್ಟ ಗಡಿಯಾರವನ್ನೇ.

ಇನ್ನು ನಮ್ಮವರ ಒಳ್ಳೆಯ ಗುಣಗಳನ್ನು ಹೇಳದಿದ್ದರೆ ಬೀಳ್ಕೊಡುಗೆ ಪೂರ್ತಿಯಾಗುವುದಿಲ್ಲ. ಒಂದು ಬೆಳಿಗ್ಗೆ ಕೆರೆಯ ನಡುವೆ, ಮಗ್ಗುಲು ಬದಲಿಸುವಾಗ ಅರ್ಧಕ್ಕೆ ಅವರ ಧೈರ್ಯ ಕೈಕೊಟ್ಟಿತು. ಪೂರ್ತಿ ತಿರುಗಿಸದೆ ಚುಕ್ಕಾಣಿ ಬಿಟ್ಟರು. ಎಲ್ಲ ಹೊಸಬರೂ ಮಾಡುವ ತಪ್ಪು ಅದು. ದೋಣಿ ಗಾಳಿಗೆ ಮೂಗು ಕೊಟ್ಟು ನಿಂತುಬಿಟ್ಟಿತು. ಹಾಯಿ ಪಟಪಟ ಬಡಿಯುತ್ತದೆ, ದೋಣಿ ಅತ್ತಲೂ ಹೋಗದು, ಇತ್ತಲೂ ಹೋಗದು. ಅವರು ಗಾಳಿಯನ್ನು ಬೈದರು, ದೋಣಿ ಮಾಡಿದವನನ್ನು ಬೈದರು. ಆಮೇಲೆ ಬೈಯಲು ಯಾರೂ ಉಳಿಯಲಿಲ್ಲ. ಆಗ ನನ್ನ ಕಡೆ ತಿರುಗಿ ಕೇಳಿದರು: "ಏನ್ ಮಾಡೋಣ ಇವಳೇ?"

ಸಭಿಕರೇ, ನಗಬೇಡಿ. ಮದುವೆಯಾದಂದಿನಿಂದ ಅವರ ಬಾಯಲ್ಲಿ ನಾನು ಆ ಪ್ರಶ್ನೆಯನ್ನು ಕೇಳಿರಲಿಲ್ಲ. ನನಗೆ ಕಣ್ಣಲ್ಲಿ ನೀರು ಬಂತು. ಕೆರೆಯ ನೀರು ಸಿಡಿದದ್ದೆಂದು ಒರೆಸಿಕೊಂಡೆ. "ಹಿಂದಕ್ಕೆ ಹೋಗೋಣ ರೀ" ಎಂದೆ. ಸೀಟಿ ಮೇಡಂ ಹೇಳಿಕೊಟ್ಟದ್ದು ಅದೇ. ಹಾಯಿಯನ್ನು ಕೈಯಿಂದ ಹೊರಗೆ ತಳ್ಳಿ ಹಿಡಿದು, ದೋಣಿಯನ್ನು ಸ್ವಲ್ಪ ಹಿಂದಕ್ಕೆ ಹೋಗಲು ಬಿಟ್ಟರೆ ಅದು ತಾನೇ ಒಂದು ಕಡೆ ಹೊರಳಿಕೊಳ್ಳುತ್ತದೆ. ಹಿಂದಕ್ಕೆ ಹೋಗುವುದನ್ನು ಅವರು ಒಪ್ಪಿದರು! ರಸ್ತೆ ಇಲಾಖೆಯವರು ಯಾರಾದರೂ ಇಲ್ಲಿದ್ದರೆ ಈ ಮಾತನ್ನು ನಂಬಲಾರರು. ದೋಣಿ ಹೊರಳಿತು, ಗಾಳಿ ಹಿಡಿಯಿತು. ದಡಕ್ಕೆ ಬಂದಾಗ ಸೀಟಿ ಮೇಡಂ ಒಂದೇ ಮಾತು ಹೇಳಿದರು: "ನಾಳೆಯಿಂದ ಜಾಗ ಬದಲಾಯಿಸ್ಕೊಳ್ಳಿ. ಅವರು ಮುಂದೆ, ನೀವು ಹಿಂದೆ."

ಹಾಗೆ ಚುಕ್ಕಾಣಿ ನನ್ನ ಕೈಗೆ ಬಂತು. ಅದೇನು ಸುಲಭವೇ? ಬಲಕ್ಕೆ ಹೋಗಬೇಕಾದರೆ ಹಿಡಿಯನ್ನು ಎಡಕ್ಕೆ ತಳ್ಳಬೇಕು, ಎಡಕ್ಕಾದರೆ ಬಲಕ್ಕೆ. ಎಷ್ಟೋ ಸಲ ಜೊಂಡಿಗೆ ನುಗ್ಗಿಸಿದ್ದೇನೆ. ಒಮ್ಮೆ ಅಧ್ಯಕ್ಷರ ಹೊಸ ದೋಣಿಗೂ ನುಗ್ಗಿಸಿದ್ದೇನೆ, ಅವರು ಮರೆತಿದ್ದಾರೆ. ಇಲ್ಲ, ಮರೆತಿಲ್ಲ. ಆದರೆ ಕೇಳುವುದನ್ನು ಮಾತ್ರ ನಾನು ಒಮ್ಮೆಯೂ ಬಿಡಲಿಲ್ಲ. "ಸಿದ್ಧನಾ ರೀ?" ಎಂದು ಕೇಳಿ, ಬಾಯಿ ಮುಚ್ಚಿಕೊಂಡು ಕಾಯುತ್ತಿದ್ದೆ. ಕಳೆದ ವಾರ್ಷಿಕ ಪಂದ್ಯ ನಿಮಗೆ ನೆನಪಿರಬೇಕು. ಜೀವನದಲ್ಲಿ ಒಮ್ಮೆ ನಾವು ಕೊನೆಯವರಾಗಿರಲಿಲ್ಲ, ಮುಂದೆ ಒಂದೇ ದೋಣಿ ಇತ್ತು. ಕೊನೆಯ ತಿರುವಿನಲ್ಲಿ ಕೇಳಿದೆ. "ಇನ್ನೂ ಇಲ್ಲ, ಇನ್ನೂ ಇಲ್ಲ! ಕಾಲಿಗೆ ಹಗ್ಗ ಸುತ್ಕೊಂಡಿದೆ" ಎಂದರು. ದಡದಿಂದ ನೀವೆಲ್ಲ "ತಿರುಗಿಸಿ, ತಿರುಗಿಸಿ" ಎಂದು ಕೂಗಿದಿರಿ. ನಾನು ತಿರುಗಿಸಲಿಲ್ಲ. ಅವರು ಬಗ್ಗಿ ಹಗ್ಗ ಬಿಡಿಸಿಕೊಳ್ಳುವವರೆಗೆ ದೋಣಿಯನ್ನು ಹಾಗೇ ಬಿಟ್ಟೆ. ಐದು ದೋಣಿಗಳು ನಮ್ಮ ಪಕ್ಕದಲ್ಲೇ ಹಾದುಹೋದವು. ಮತ್ತೆ ಕೊನೆಯವರಾದೆವು. ದಡಕ್ಕೆ ಬಂದ ಮೇಲೆ ಅವರು, "ಕಾದಿದ್ದು ಒಳ್ಳೇದಾಯ್ತು, ಇಲ್ಲದಿದ್ರೆ ಕಾಲು ಮುರೀತಿತ್ತು" ಎಂದರು. ಆ ಮಾತನ್ನು ನಾನು ಬಹುಮಾನವೆಂದೇ ಇಟ್ಟುಕೊಂಡಿದ್ದೇನೆ.

ಈ ಕೆರೆಗೆ ಬಂದ ಮೇಲೆ ನಾನು ಈ ಮನುಷ್ಯನನ್ನು ಎರಡನೆಯ ಸಲ ಇಷ್ಟಪಟ್ಟೆ. ಹೇಳಲು ನಾಚಿಕೆಯಿಲ್ಲ. ನೀರಿನ ಮೇಲೆ ಅವರು ಮಾತು ಕೇಳಿಸಿಕೊಳ್ಳುತ್ತಾರೆ. ದಡಕ್ಕೆ ಕಾಲಿಟ್ಟರೆ ಮತ್ತೆ ಅದೇ ರಾಗ, ಅದೇ ಹಾಡು.

ಈಗ ಈ ಸಮಾರಂಭದ ವಿಷಯಕ್ಕೆ ಬರುತ್ತೇನೆ. ಹೋದ ವಾರ ದೋಣಿ ಶೆಡ್ಡಿನಲ್ಲಿ ಹಾಯಿ ಮಡಿಸುತ್ತಿದ್ದೆ. ಕಾರ್ಯದರ್ಶಿಗಳು ಬಂದು, ದುಃಖದ ಮುಖ ಮಾಡಿ, "ನೀವಿಲ್ಲದೆ ಹೆಂಗೆ ಮೇಡಂ ನಮಗೆ?" ಎಂದರು. ಡಾಕ್ಟರು ನನಗೆ ಹೇಳದೆ ಇವರಿಗೇನಾದರೂ ಹೇಳಿದರೇ ಎಂದುಕೊಂಡೆ. "ಯಾಕ್ರಪ್ಪಾ, ನಾನೇನು ಸಾಯ್ತಿದೀನಾ?" ಎಂದೆ. "ಅಯ್ಯೋ ಇಲ್ಲ ಮೇಡಂ, ಸಾಹೇಬ್ರ ಅಣ್ಣನ ಮನೆ ಎದುರಿಗೇ ಮನೆ ಹಿಡಿದಿದೀರಂತಲ್ಲ!" ಎಂದರು. ಆ ಊರು ನನಗೆ ಗೊತ್ತು. ಅಲ್ಲಿ ನೀರು ಕಾಣಬೇಕಾದರೆ ಮಾಳಿಗೆ ಹತ್ತಿ ಟ್ಯಾಂಕಿನ ಮುಚ್ಚಳ ತೆಗೆಯಬೇಕು. ಮನೆಗೆ ಹೋಗಿ ಕೇಳಿದೆ. ಏನೆಂದರು ಹೇಳಿ? ನಿಮಗೆ ಗೊತ್ತಾಗಿರಬೇಕು. "ಹೇಳೋಣ ಅಂತಿದ್ದೆ."

ಒಂದು ವಾರದಿಂದ ಗಂಟುಮೂಟೆ ಕಟ್ಟುವ ಸಡಗರ ನಡೆದಿದೆ. ಒಂದು ವಾರದಿಂದ ನಾನು ಕಾಯುತ್ತಿದ್ದೇನೆ. ತಿಂಡಿಗೆ ಕೂತಾಗ ಕೇಳಿಯಾರು, ಪೇಪರು ಮಡಿಸಿದಾಗ ಕೇಳಿಯಾರು, ಇಲ್ಲಿಗೆ ಬರುವ ದಾರಿಯಲ್ಲಾದರೂ ಕೇಳಿಯಾರು ಎಂದುಕೊಂಡೆ. ಕೇಳಲಿಲ್ಲ. ಲಾರಿ ಸೋಮವಾರ ಬರುತ್ತದೆಯಂತೆ. ನನಗೆ ಸಿಟ್ಟು ಬಂದಿದೆ, ಸಭಿಕರೇ. ದುಃಖವೂ ಆಗಿದೆ. ಮನೆಯಲ್ಲಿ ಹೇಳಿದರೆ ಅದು ಗಾಳಿಗೆ ಹೋಗುತ್ತದೆ. ಆದ್ದರಿಂದ ಮೈಕು ಕೈಗೆ ಸಿಕ್ಕಿರುವಾಗ, ಯಾರೂ ಕೇಳದ ಪ್ರಶ್ನೆಗೆ ನಾನು ಉತ್ತರ ಹೇಳುತ್ತಿದ್ದೇನೆ.

ಇನ್ನೂ ಇಲ್ಲ. ನಾನು ಸಿದ್ಧ ಇಲ್ಲ.

ಕಾರ್ಯದರ್ಶಿಗಳೇ, ಈ ಗಡಿಯಾರವನ್ನು ದಯವಿಟ್ಟು ದೋಣಿ ಶೆಡ್ಡಿನ ಗೋಡೆಗೆ ಹಾಕಿಸಿ. ಅಲ್ಲಿಯೇ ನಾನು ದಿನಾ ನೋಡಿಕೊಳ್ಳುತ್ತೇನೆ. ನಾಳೆ ಬೆಳಿಗ್ಗೆ ಗಾಳಿ ಚೆನ್ನಾಗಿರುತ್ತದೆಂದು ಸೀಟಿ ಮೇಡಂ ಹೇಳಿದ್ದಾರೆ. ನಾನು ದೋಣಿ ಇಳಿಸುತ್ತೇನೆ. ಮುಂದಿನ ಜಾಗ ನಮ್ಮವರದೇ, ಅದನ್ನು ಬೇರೆ ಯಾರಿಗೂ ಕೊಡುವುದಿಲ್ಲ. ಅಣ್ಣನ ಊರಿನ ಮಾತನ್ನು ಅವರು ಅಲ್ಲಿ, ನೀರಿನ ನಡುವೆ ಎತ್ತಲಿ. ಕೇಳಲಿ. ಕೇಳಿ, ಉತ್ತರ ಬರುವವರೆಗೆ ಬಾಯಿ ಮುಚ್ಚಿಕೊಂಡಿರಲಿ. ಆಗ ನಾನು ಏನು ಹೇಳುತ್ತೇನೋ ನನಗೂ ಗೊತ್ತಿಲ್ಲ. ಹೂಂ ಎಂದರೂ ಎಂದೇನು. ಅವರು ಬರದಿದ್ದರೆ ಸೋಮವಾರ ಲಾರಿಯಲ್ಲಿ ಅವರ ಸಾಮಾನು ಹೋಗಲಿ, ನನ್ನದು ಇಳಿಯಲಿ. ನನ್ನ ಎರಡು ಮಾತು ಮುಗಿಯಿತು. ತಾಳ್ಮೆಯಿಂದ ಕೇಳಿದ ನಿಮಗೂ, ತಣ್ಣಗಾಗುತ್ತಿರುವ ಕಾಫಿಗೂ ನನ್ನ ಧನ್ಯವಾದಗಳು.

ಏನ್ರೀ, ಎದ್ದು ನಿಂತಿರಾ? ಕೂತ್ಕೊಳ್ಳಿ, ಕೂತ್ಕೊಳ್ಳಿ. ದೋಣಿ ತಿರುಗುವಾಗ ಎದ್ದು ನಿಲ್ಲಬಾರದು, ಸ್ವಲ್ಪ ತಲೆ ತಗ್ಗಿಸಬೇಕು.

ನಮಸ್ಕಾರ.